ಐವತ್ತನೆಯ ದಿನ ಸೋಮವಾರವಾದಾಗ

ತಪಸ್ಸುಕಾಲ ಎಷ್ಟು ದಿನಗಳದ್ದು ಎಂದು ಕೇಳಿದರೆ ಧರ್ಮೋಪದೇಶ ತರಗತಿಯ ಅತಿ ಕಿರಿಯ ಮಗುವೂ ‘ನಲವತ್ತು’ ಎಂದು ಥಟ್ಟನೆ ಉತ್ತರಿಸುತ್ತದೆ. ಪ್ರಭು ಯೇಸು ಪುನರುತ್ಥಾನರಾದದ್ದು ಮೂರನೆಯ ದಿನ. ಸ್ವರ್ಗಾರೋಹಣಗೈದದ್ದು ಪಾಸ್ಖದಿಂದ ನಲವತ್ತನೆಯ ದಿನ. ಪ್ರೇಷಿತರ ಮೇಲೆ ಪವಿತ್ರಾತ್ಮರು ಇಳಿದು ಬಂದದ್ದು ಐವತ್ತನೆಯ ದಿನ. ಈ ಉತ್ತರಗಳೆಲ್ಲವೂ ಸರಿಯಾದವೇ. ಆದರೆ ಇವೇ ಸಂಖ್ಯೆಗಳನ್ನು ಇದ್ದಂತೆಯೇ ಒಂದು ಕಂಪ್ಯೂಟರಿಗೆ ಕೊಟ್ಟು, ಕೂಡಿಸಿ ಕಳೆದು ಹಬ್ಬಗಳ ದಿನಾಂಕವನ್ನು ಹೇಳು ಎಂದರೆ ಅದು ಒಂದನ್ನೂ ಸರಿಯಾಗಿ ಹೇಳಲಾರದು. ಕೊಟ್ಟ ಸಂಖ್ಯೆ ಸರಿ, ಕೂಡಿಸಿದ ಯಂತ್ರ ಸರಿ, ಬಂದ ಉತ್ತರ ಮಾತ್ರ ತಪ್ಪು. ಇದು ಹೇಗೆ ಸಾಧ್ಯ ಎಂಬುದನ್ನು ಈ ವಾರ ಓದುಗರೊಂದಿಗೆ ವಿಚಾರ ಮಾಡಬಯಸುತ್ತೇವೆ.

ನಮ್ಮ ಹಬ್ಬಗಳಲ್ಲಿ ಎರಡು ಬಗೆಯುಂಟು. ಕ್ರಿಸ್ತಜಯಂತಿ, ಕನ್ಯಾಮರಿಯಮ್ಮನವರ ಜನನೋತ್ಸವ ಮೊದಲಾದವು ವರ್ಷ ಯಾವುದೇ ಇರಲಿ, ತಮ್ಮ ದಿನಾಂಕವನ್ನು ಬಿಟ್ಟು ಕದಲುವುದಿಲ್ಲ. ಬೂದಿ ಬುಧವಾರ, ಸ್ವರ್ಗಾರೋಹಣ, ಪವಿತ್ರಾತ್ಮರ ಹಬ್ಬ ಇವು ಪಾಸ್ಖದ ಬೆನ್ನು ಹಿಡಿದು ಹಿಂದೆ ಮುಂದೆ ಸರಿಯುತ್ತವೆ. ಪಾಸ್ಖವಾದರೋ ಚಂದ್ರನ ಬೆನ್ನು ಹಿಡಿದಿದೆ. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯನ್ನು ಧರ್ಮಸಭೆಯ ಕೋಷ್ಟಕದ ಪ್ರಕಾರ ಗುರುತಿಸಿ, ಅದರ ಮುಂದಿನ ಭಾನುವಾರವನ್ನು ಪಾಸ್ಖವೆಂದು ಆಚರಿಸುತ್ತೇವೆ. ಎಲ್ಲೆಡೆಯ ಕ್ರೈಸ್ತರೂ ಒಂದೇ ಭಾನುವಾರ ಈ ಹಬ್ಬವನ್ನು ಆಚರಿಸಬೇಕೆಂದು 325ರಲ್ಲಿ ಸೇರಿದ ನಿಸೇಯ ಮಹಾಸಭೆ ತೀರ್ಮಾನಿಸಿತು. ಆ ಸಭೆಗೆ 1700 ವರ್ಷ ತುಂಬಿದ 2025ರಲ್ಲಿ ಪೂರ್ವ ಪಶ್ಚಿಮಗಳ ಪಾಸ್ಖ ಒಂದೇ ದಿನ, ಏಪ್ರಿಲ್ 20ರಂದು ಕೂಡಿಬಂದದ್ದು ಸಂತೋಷದ ಯೋಗಾಯೋಗ.

ಆ ವರ್ಷದ ಹಬ್ಬಗಳ ಪಟ್ಟಿಯನ್ನು ತನ್ನ ಮೊದಲ ಪ್ರೋಗ್ರಾಂನಿಂದಲೇ ತಯಾರಿಸುತ್ತೇನೆಂದು ನಮ್ಮ ಧರ್ಮಕೇಂದ್ರದ ಯುವತಿಯೊಬ್ಬಳು ಮುಂದೆ ಬಂದಳು. ಕಂಪ್ಯೂಟರ್ ವಿಷಯದ ಪದವಿ ತರಗತಿಗೆ ಆಗಷ್ಟೇ ಸೇರಿದ್ದವಳು. ಆಕೆಯ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲನೆಯವಳು. ತಂದೆ ಮೀನುಗಾರಿಕೆ ಬಂದರಿನಲ್ಲಿ ಮಂಜುಗಡ್ಡೆ ಹೊರುವವರು. ಮಗಳ ಕೈಯಿಂದ ಇಗರ್ಜಿಯ ಪಟ್ಟಿ ಅಚ್ಚಾಗುತ್ತದೆಂಬ ಸುದ್ದಿ ಆ ಮನೆಗೆ ಎಷ್ಟು ದೊಡ್ಡದಾಗಿತ್ತೆಂಬುದನ್ನು ನಾವು ಬಲ್ಲೆವು. ಪಾಸ್ಖದ ದಿನಾಂಕವನ್ನು ಅವಳು ತಾನೇ ಬರೆದುಕೊಟ್ಟಿದ್ದಳು. ಉಳಿದದ್ದು ಮೂರು ಸಾಲು. ಅವುಗಳನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತವೆ:

ಸ್ವರ್ಗಾರೋಹಣ = ಪಾಸ್ಖ + 40
ಪವಿತ್ರಾತ್ಮರ ಹಬ್ಬ = ಪಾಸ್ಖ + 50
ಬೂದಿ ಬುಧವಾರ = ಪಾಸ್ಖ - 40

ಇದಕ್ಕಿಂತ ಸರಳವಾದ ಲೆಕ್ಕ ಯಾವುದಿದ್ದೀತು? ಆದರೆ ಯಂತ್ರ ಕೊಟ್ಟ ಉತ್ತರ ಇದು: ಸ್ವರ್ಗಾರೋಹಣ ಮೇ 30, ಪವಿತ್ರಾತ್ಮರ ಹಬ್ಬ ಜೂನ್ 9, ಬೂದಿ ಬುಧವಾರ ಮಾರ್ಚ್ 11. ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡಿದರೆ ಮೇ 30 ಶುಕ್ರವಾರ, ಜೂನ್ 9 ಸೋಮವಾರ. ಬೂದಿ ಬುಧವಾರವೋ ಮಂಗಳವಾರ! ಸ್ವರ್ಗಾರೋಹಣ ಪರಂಪರೆಯಿಂದ ಗುರುವಾರದ ಹಬ್ಬ. (ಅನೇಕ ದೇಶಗಳಲ್ಲಿ ಜನರ ಅನುಕೂಲಕ್ಕಾಗಿ ಅದನ್ನು ಮುಂದಿನ ಭಾನುವಾರಕ್ಕೆ ವರ್ಗಾಯಿಸಿರುವುದು ಬೇರೆ ಮಾತು.) ಪವಿತ್ರಾತ್ಮರ ಹಬ್ಬ ಭಾನುವಾರವಲ್ಲದೆ ಬೇರೆ ದಿನ ಬರುವಂತೆಯೇ ಇಲ್ಲ.

“ಕಂಪ್ಯೂಟರ್ ತಪ್ಪು ಹೇಳುತ್ತಿದೆ, ಫಾದರ್” ಎಂದಳು ಹುಡುಗಿ. ಹೊಸದಾಗಿ ಪ್ರೋಗ್ರಾಂ ಬರೆಯುವವರ ಮೊದಲ ಮಾತು ಎಲ್ಲ ಕಡೆಯೂ ಇದೇ ಎಂದು ಬಲ್ಲವರು ಹೇಳುತ್ತಾರೆ. ಪ್ರೋಗ್ರಾಂನಲ್ಲಿ ಅಡಗಿರುವ ದೋಷವನ್ನು ಆ ವೃತ್ತಿಯವರು ‘ಬಗ್’, ಅಂದರೆ ಹುಳು ಎನ್ನುತ್ತಾರೆ. 1947ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಕಟ್ಟಿದ ಯಂತ್ರವೊಂದರಲ್ಲಿ ನಿಜವಾಗಿಯೂ ಒಂದು ಪತಂಗ ಸಿಕ್ಕಿಬಿದ್ದು, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟ ಪ್ರಸಂಗ ಪ್ರಸಿದ್ಧವಾಗಿದೆ. ಪದ ಮಾತ್ರ ಅದಕ್ಕೂ ಮೊದಲೇ ಎಂಜಿನಿಯರುಗಳ ಬಾಯಲ್ಲಿತ್ತು. ಆ ಹೆಸರು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಹುಳು ಎಲ್ಲಿಂದಲೋ ತಾನಾಗಿ ಹಾರಿಬಂದು ಸೇರಿಕೊಳ್ಳುತ್ತದೆ. ಲೆಕ್ಕದ ತಪ್ಪು ಹಾಗೆ ಬರುವುದಿಲ್ಲ. ಬರೆದ ಸಾಲಿನಲ್ಲಿ ಅದು ಕಣ್ಣೆದುರಿಗೇ ಕುಳಿತಿರುತ್ತದೆ.

ಮರುದಿನ ಆಕೆ ತಿದ್ದಿ ತಂದಳು. ಉತ್ತರಗಳು ಒಂದು ದಿನ ಮುಂದೆ ಹೋಗಿವೆಯಷ್ಟೆ, ಆದ್ದರಿಂದ ಪಾಸ್ಖವನ್ನೇ ಒಂದು ದಿನ ಹಿಂದಕ್ಕೆ ಸರಿಸಿ ಏಪ್ರಿಲ್ 19 ಎಂದು ಬರೆದಿದ್ದಳು. ಗುರುವಾರ ಗುರುವಾರವೇ ಆಯಿತು, ಭಾನುವಾರವೂ ಭಾನುವಾರವಾಯಿತು. ಆದರೆ ಪಟ್ಟಿಯ ತಲೆಯಲ್ಲಿ ಪಾಸ್ಖ ಹಬ್ಬ ಶನಿವಾರವೆಂದು ಮುದ್ರಿತವಾಗಿತ್ತು. ಬೂದಿ ಬುಧವಾರ ಮಂಗಳವಾರದಿಂದಲೂ ಜಾರಿ ಸೋಮವಾರಕ್ಕೆ ಬಂದು ನಿಂತಿತ್ತು. ಗೋಡೆ ವಾಲಿದೆಯೆಂದು ಬಾಗಿಲನ್ನು ಕೆತ್ತಿದರೆ ಆಗುವುದು ಇದೇ.

ಮೂರನೆಯ ಬಾರಿ ಅವಳು ತುಸು ವಿವೇಚನೆಯಿಂದ ತಿದ್ದಿದಳು. ಪಾಸ್ಖವನ್ನು ಅದರ ಸ್ಥಾನದಲ್ಲಿಯೇ ಬಿಟ್ಟು, 40ನ್ನು 39 ಮಾಡಿದಳು, 50ನ್ನು 49 ಮಾಡಿದಳು, ಕಳೆಯುವ 40ನ್ನೂ 39 ಮಾಡಿದಳು. ಈಗ ಮೇ 29, ಗುರುವಾರ. ಜೂನ್ 8, ಭಾನುವಾರ. ಮಾರ್ಚ್ 12, ಬುಧವಾರ. ಮೂರಕ್ಕೆ ಮೂರೂ ವಾರಗಳು ಹೊಂದಿಕೊಂಡವು. ಹುಡುಗಿಯ ಮುಖ ಅರಳಿತು. ಅದು ಅಚ್ಚಿಗೆ ಹೋಗಿದ್ದರೆ ಯಾರೂ ತಡೆಯುತ್ತಿರಲಿಲ್ಲವೇನೊ!

ಆದರೆ ಧರ್ಮಪ್ರಾಂತ್ಯದ ಪಂಚಾಂಗದಲ್ಲಿ ಆ ವರ್ಷದ ಬೂದಿ ಬುಧವಾರ ಮಾರ್ಚ್ 5. ಆಕೆಯ ಪಟ್ಟಿಯಲ್ಲಿದ್ದದ್ದೂ ಬುಧವಾರವೇ, ಆದರೆ ಅದು ಮುಂದಿನ ಬುಧವಾರ. ಒಂದು ವಾರ ತಪ್ಪಿದ್ದರೂ ವಾರದ ಹೆಸರು ಸರಿಯಾಗಿಯೇ ಕಾಣುತ್ತಿತ್ತು. ನಮ್ಮ ಅಭಿಪ್ರಾಯದಲ್ಲಿ ಎಲ್ಲ ತಪ್ಪುಗಳಲ್ಲಿ ಇದು ಅತಿ ಅಪಾಯಕಾರಿ. ಮಂಗಳವಾರ ಬಿದ್ದ ಬೂದಿ ಬುಧವಾರ ತನ್ನ ತಪ್ಪನ್ನು ತಾನೇ ಕೂಗಿ ಹೇಳುತ್ತದೆ. ಬುಧವಾರವೇ ಬಿದ್ದ ತಪ್ಪು ಬೂದಿ ಬುಧವಾರ ತುಟಿ ಬಿಚ್ಚುವುದಿಲ್ಲ. ಮಾರ್ಚ್ 12ರಿಂದ ಏಪ್ರಿಲ್ 19ರ ಪವಿತ್ರ ಶನಿವಾರದವರೆಗೆ ಬೆರಳು ಮಡಿಚಿ ಎಣಿಸಿ ನೋಡಿದೆವು, 39 ದಿನ. ಅದರಲ್ಲಿ ಭಾನುವಾರಗಳು ಐದು. ಭಾನುವಾರ ಪ್ರಭುವಿನ ಪುನರುತ್ಥಾನದ ದಿನವಾದ್ದರಿಂದ ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಉಳಿಯುವುದು 34. ಒಂದು ಧರ್ಮಕೇಂದ್ರದ ತಪಸ್ಸುಕಾಲದಿಂದ ಆರು ದಿನಗಳು ಸದ್ದಿಲ್ಲದೆ ಕಾಣೆಯಾಗಿದ್ದವು.

ಇದನ್ನು ತೋರಿಸಿದಾಗ ಹುಡುಗಿಯ ಕಣ್ಣು ತುಂಬಿತು. “ನನಗಿದು ಆಗುವುದಿಲ್ಲ ಫಾದರ್. ಕೂಡಿಸಿ ಕಳೆಯುವ ಲೆಕ್ಕವೇ ಬರುವುದಿಲ್ಲ ಎಂದ ಮೇಲೆ ಈ ಓದು ನನಗೆ ಯಾಕೆ? ಅಪ್ಪನಿಗೆ ಸುಮ್ಮನೆ ಖರ್ಚು” ಎಂದಳು.

ನಮಗೆ ಪ್ರೋಗ್ರಾಂ ಬರೆಯಲು ಬಾರದು. ಆದರೆ ಅವಳ ಕೂಡಿಕೆಯಲ್ಲಾಗಲೀ ವ್ಯವಕಲನದಲ್ಲಾಗಲೀ ಎಳ್ಳಷ್ಟೂ ತಪ್ಪಿರಲಿಲ್ಲವೆಂಬುದು ನಮಗೂ ಕಾಣುತ್ತಿತ್ತು. ತಪ್ಪಿದ್ದದ್ದು ‘ಐವತ್ತು’ ಎಂಬ ಮಾತಿನ ಅರ್ಥದಲ್ಲಿ. “ಮಗು, ಆ ಯಂತ್ರವನ್ನು ಮುಚ್ಚಿಡು. ಒಂದು ಹಾಳೆ ತೆಗೆದುಕೊ. ಏಪ್ರಿಲ್ 20ರಿಂದ ಆರಂಭಿಸಿ ಪ್ರತಿ ದಿನಾಂಕದ ಪಕ್ಕದಲ್ಲಿ ಎಷ್ಟನೆಯ ದಿನ ಎಂದು ಬರೆಯುತ್ತಾ ಹೋಗು” ಎಂದೆವು. ಅವಳು ಏಪ್ರಿಲ್ 20ರ ಪಕ್ಕದಲ್ಲಿ ಲೇಖನಿಯನ್ನು ಹಿಡಿದು ಒಂದು ಗಳಿಗೆ ತಡೆದಳು. ಅಲ್ಲಿ ಸೊನ್ನೆ ಬರೆಯುವುದೋ, ಒಂದು ಬರೆಯುವುದೋ? ಆ ತಡವರಿಕೆಯಲ್ಲಿಯೇ ತಪ್ಪು ಸಿಕ್ಕಿಹಾಕಿಕೊಂಡಿತು.

ಧರ್ಮಸಭೆ ‘ಐವತ್ತನೆಯ ದಿನ’ ಎನ್ನುವಾಗ ಪಾಸ್ಖ ಭಾನುವಾರವನ್ನೇ ಮೊದಲನೆಯ ದಿನವೆಂದು ಎಣಿಸುತ್ತದೆ. ಇದು ಯೆಹೂದ್ಯರಿಂದ ಬಂದ ಎಣಿಕೆ. ಏಳು ಪೂರ್ಣ ವಾರಗಳು ಕಳೆದು, ಅದರ ಮರುದಿನ ಐವತ್ತನೆಯದು. ಏಳೇಳಲಿ ನಲವತ್ತೊಂಬತ್ತು ಎಂಬುದು ಮಗ್ಗಿ ಕಲಿತ ಎಲ್ಲರಿಗೂ ಗೊತ್ತು. ಯಂತ್ರವಾದರೋ ‘+ 50’ ಎಂದರೆ ಹೊರಟ ದಿನವನ್ನು ಬಿಟ್ಟು ಮುಂದಕ್ಕೆ ಐವತ್ತು ಹೆಜ್ಜೆ ಇಡುತ್ತದೆ. ಒಂದು ದಿನಗಳ ಎಣಿಕೆ, ಇನ್ನೊಂದು ದಿನಗಳ ನಡುವಿನ ಅಂತರದ ಎಣಿಕೆ. ಹಬ್ಬದ ಮೆರವಣಿಗೆಯ ದಾರಿಯಲ್ಲಿ ತೋರಣಕ್ಕೆ ಗೂಟ ನೆಡುವ ನಮ್ಮ ಯುವಕರಿಗೆ ಇದು ಚೆನ್ನಾಗಿ ಗೊತ್ತು. ನೂರು ಅಡಿ ದಾರಿಗೆ ಹತ್ತು ಅಡಿಗೊಂದರಂತೆ ಗೂಟ ನೆಡಲು ಹತ್ತು ಗೂಟ ಹೊತ್ತುಕೊಂಡು ಹೋದರೆ ಕೊನೆಯಲ್ಲಿ ಒಬ್ಬನು ಮತ್ತೊಂದು ಗೂಟಕ್ಕಾಗಿ ಓಡಿ ಬರಬೇಕಾಗುತ್ತದೆ. ಅಂತರ ಹತ್ತು, ಗೂಟ ಹನ್ನೊಂದು.

ಗುರುಮಠದಲ್ಲಿ ತರ್ಕಶಾಸ್ತ್ರ ಓದಿದವರಿಗೆ ಈ ದೋಷ ಹಳೆಯ ಪರಿಚಯದ್ದು. ಒಂದೇ ಪದವನ್ನು ವಾದದ ಆರಂಭದಲ್ಲಿ ಒಂದು ಅರ್ಥದಲ್ಲಿ ಹಿಡಿದು, ಮುಕ್ತಾಯದಲ್ಲಿ ಇನ್ನೊಂದು ಅರ್ಥದಲ್ಲಿ ಬಿಡುವುದನ್ನು ಅರಿಸ್ಟಾಟಲನು ತರ್ಕದೋಷಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ನಮ್ಮ ನ್ಯಾಯದರ್ಶನದಲ್ಲಿ ‘ಛಲ’ದ ಉದಾಹರಣೆಯಾಗಿ ‘ನವಕಂಬಲ’ ಎಂಬ ಪದ ಬರುತ್ತದೆ. ಈತನ ಬಳಿ ನವಕಂಬಲವಿದೆ, ಎಂದರೆ ಹೊಸ ಕಂಬಳಿ ಇದೆ ಎಂದು ಒಬ್ಬನು ಹೇಳಿದರೆ, ಎದುರಾಳಿಯು ‘ನವ’ ಎಂಬುದಕ್ಕೆ ಒಂಬತ್ತು ಎಂಬ ಅರ್ಥ ಹಚ್ಚಿ, ಒಂಬತ್ತು ಕಂಬಳಿ ಎಲ್ಲಿವೆ ತೋರಿಸು ಎಂದು ಕೇಳುತ್ತಾನೆ. ಎದುರಾಳಿ ಬೇಕೆಂದೇ ಹಾಗೆ ಮಾಡುತ್ತಾನೆ. ಯಂತ್ರಕ್ಕೆ ಅಂಥ ಕಪಟವಿಲ್ಲ. ಅದಕ್ಕೆ ಪದದ ಒಂದೇ ಒಂದು ಅರ್ಥ ಗೊತ್ತು, ಎರಡನೆಯದು ಇದೆಯೆಂಬ ಗುಮಾನಿಯೂ ಇಲ್ಲ. ನಾವು ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ, ಬರೆದದ್ದನ್ನು ಮಾತ್ರ ಮಾಡುತ್ತದೆ.

ಮನುಷ್ಯರಾದ ನಾವು ಈ ಎರಡು ಎಣಿಕೆಗಳ ನಡುವೆ ಅರಿವಿಲ್ಲದೆಯೇ ಓಡಾಡುತ್ತಿರುತ್ತೇವೆ. ‘ಹದಿನೈದು ದಿನಕ್ಕೊಮ್ಮೆ’ ಎಂದು ಕನ್ನಡದಲ್ಲಿ ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಎರಡು ವಾರ, ಎಂದರೆ ಹದಿನಾಲ್ಕು ದಿನ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಪುನರುತ್ಥಾನರಾದ ಪ್ರಭು ‘ಎಂಟು ದಿನಗಳ ನಂತರ’ ಮತ್ತೆ ಕಾಣಿಸಿಕೊಂಡು ಸಂತ ತೋಮಾಸರಿಗೆ ತಮ್ಮ ಗಾಯಗಳನ್ನು ತೋರಿಸಿದರಷ್ಟೆ? ಅದನ್ನು ನಾವು ಮುಂದಿನ ಭಾನುವಾರವೇ ಓದುತ್ತೇವೆ. ಶುಕ್ರವಾರ ಸಮಾಧಿಯಾದವರು ಭಾನುವಾರ ಎದ್ದದ್ದನ್ನು ಮೂರನೆಯ ದಿನ ಎನ್ನುತ್ತೇವೆ. ಶುಕ್ರವಾರಕ್ಕೆ ಮೂರು ಕೂಡಿಸಿದರೆ ಸೋಮವಾರವಾಗುತ್ತದೆ. ಇಗರ್ಜಿಯ ಕಚೇರಿಯಲ್ಲಿ ಮೃತರ ಏಳನೆಯ ದಿನದ ಪೂಜೆಯನ್ನು ಬರೆಸಲು ಬಂದವರಲ್ಲಿ ಅಣ್ಣ ಮರಣದ ದಿನದಿಂದ ಎಣಿಸುವುದೂ ತಮ್ಮ ಮರುದಿನದಿಂದ ಎಣಿಸುವುದೂ, ಆ ದುಃಖದ ನಡುವೆಯೂ ಸಣ್ಣದೊಂದು ವಾಗ್ವಾದ ನಡೆಯುವುದೂ ಧರ್ಮಗುರುಗಳೆಲ್ಲರ ಅನುಭವ.

ಬೂದಿ ಬುಧವಾರದ ಸಂಗತಿ ಬೇರೆ. ಅಲ್ಲಿನ ತಪ್ಪು ಒಂದು ದಿನದ ತಪ್ಪಲ್ಲ. ನಲವತ್ತು ದಿನಗಳ ಉಪವಾಸಕ್ಕೆ ನಡುವಿನ ಆರು ಭಾನುವಾರಗಳನ್ನು ಸೇರಿಸಿದರೆ 46. ಪಾಸ್ಖದಿಂದ 46 ದಿನ ಹಿಂದಕ್ಕೆ ಹೋದರೆ ಮಾರ್ಚ್ 5 ಸಿಗುತ್ತದೆ. ಇಲ್ಲಿ ಒಂದನ್ನು ಕಳೆಯಬೇಕಾಗಿಯೂ ಇಲ್ಲ, ಏಕೆಂದರೆ ಕೊನೆಯ ದಿನವಾದ ಪಾಸ್ಖವೇ ಎಣಿಕೆಗೆ ಸೇರಿಲ್ಲ. ಒಂದೇ ರೋಗವೆಂದು ಕಂಡದ್ದು ಎರಡು ರೋಗವಾಗಿತ್ತು. ಒಂದಕ್ಕೆ ಹಿಡಿದ ಮದ್ದನ್ನು ಇನ್ನೊಂದಕ್ಕೂ ಕುಡಿಸಿದ್ದರಿಂದ ಅದು ವಾಸಿಯಾದಂತೆ ತೋರಿತು.

ಹೀಗೆ ತಿಳಿಸಿ ಹೇಳಿದ ಮೇಲೂ ಒಂದು ತಮಾಷೆ ನಡೆಯಿತು. ಕರಾವಳಿಯ ನಮಗೆಲ್ಲ ಪ್ರಿಯವಾದ ಮೊಂತಿ ಹಬ್ಬ ಸೆಪ್ಟೆಂಬರ್ 8ರಂದು. ಅದಕ್ಕೆ ಮುಂಚೆ ಒಂಬತ್ತು ದಿನಗಳ ನವೇನ, ಮಕ್ಕಳು ದಿನವೂ ಹೂ ತಂದು ಮಾತೆಗೆ ಅರ್ಪಿಸುವುದು, ಹಬ್ಬದಂದು ಹೊಸ ತೆನೆಯ ಆಶೀರ್ವಾದ, ಇವನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ‘ಯಾವಾಗಲೂ ಒಂದನ್ನು ಕಡಿಮೆ ಮಾಡಬೇಕು’ ಎಂಬ ಸೂತ್ರವನ್ನು ಆಗಷ್ಟೇ ಕಲಿತಿದ್ದ ಹುಡುಗಿ ಸೆಪ್ಟೆಂಬರ್ 8ರಿಂದ ಒಂಬತ್ತರ ಬದಲು ಎಂಟನ್ನು ಕಳೆದು, ನವೇನ ಆಗಸ್ಟ್ 31ಕ್ಕೆ ಆರಂಭವೆಂದು ಬರೆದಳು. ಮಕ್ಕಳಿಗೆ ಒಂದು ದಿನದ ಹೂ ಖೋತಾ! ನವೇನ ಹಬ್ಬದ ಹಿಂದಿನ ದಿನ ಮುಗಿಯುತ್ತದೆ. ಹಬ್ಬದ ದಿನ ಅದರಲ್ಲಿ ಸೇರಿಲ್ಲ. ಆದ್ದರಿಂದ ಎಂಟರಿಂದ ಒಂಬತ್ತನ್ನೇ ಕಳೆಯಬೇಕು, ಆಗಸ್ಟ್ 30 ಬರಬೇಕು. ಮೊದಲನೆಯದನ್ನು ಸೇರಿಸಿ ಕೊನೆಯದನ್ನು ಬಿಟ್ಟರೆ, ಎರಡು ಸಂಖ್ಯೆಗಳ ವ್ಯತ್ಯಾಸವೇ ದಿನಗಳ ಎಣಿಕೆಯೂ ಆಗುತ್ತದೆ. ಹಾಲೆಂಡಿನ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಒಂದು ಪುಟ್ಟ ಟಿಪ್ಪಣಿಯಲ್ಲಿ ಈ ಬಗೆಯ ಎಣಿಕೆಯನ್ನೇ ಸಮರ್ಥಿಸಿದ್ದರು. ಹುಡುಗಿ ಕಲಿಯುತ್ತಿದ್ದ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯೂ ಹಾಗೆಯೇ. 1ರಿಂದ 9 ಎಂದು ಬರೆದರೆ 8ಕ್ಕೇ ನಿಂತುಬಿಡುತ್ತದೆ. ಆ ಲೆಕ್ಕದಲ್ಲಿ ನಮ್ಮ ನವೇನಗಳು ಡೈಕ್‌ಸ್ಟ್ರಾ ಅವರಿಗಿಂತ ಹಿಂದಿನಿಂದಲೇ ಅವರ ಅನುಯಾಯಿಗಳು.

ಪಟ್ಟಿ 2025ಕ್ಕೆ ಸರಿಯಾಯಿತು. ಅಷ್ಟಕ್ಕೆ ತೃಪ್ತಿಪಡದೆ, ಆಗಲೇ ಕಳೆದುಹೋದ, ಉತ್ತರ ಗೊತ್ತಿರುವ ಒಂದು ವರ್ಷವನ್ನು ಕೊಟ್ಟು ನೋಡು ಎಂದೆವು. ಕೊಟ್ಟದ್ದು 2024. ಆ ವರ್ಷದ ಪಾಸ್ಖ ಮಾರ್ಚ್ 31. ಬೂದಿ ಬುಧವಾರ ಫೆಬ್ರವರಿ 14ಕ್ಕೆ ಬಂದಿತ್ತು; ಪ್ರೇಮಿಗಳ ದಿನ ಉಪವಾಸದ ದಿನವೂ ಆದದ್ದರಿಂದ ಎಲ್ಲರಿಗೂ ನೆನಪಿತ್ತು. ಪ್ರೋಗ್ರಾಂ ಹೇಳಿದ್ದು ಫೆಬ್ರವರಿ 13. ಈ ಬಾರಿ ಹುಡುಗಿ ಯಂತ್ರವನ್ನು ದೂರಲಿಲ್ಲ, ಅಳಲೂ ಇಲ್ಲ. ಹಾಳೆ ತೆಗೆದುಕೊಂಡು ಎಣಿಸತೊಡಗಿದಳು. ತಿಂಗಳುಗಳ ದಿನಗಳನ್ನು ಬರೆಯುವಾಗ ಫೆಬ್ರವರಿಗೆ 28 ಎಂದಷ್ಟೇ ಬರೆದಿದ್ದಳು. 2025ರಲ್ಲಿ ಲೆಕ್ಕ ಫೆಬ್ರವರಿಯನ್ನು ಮುಟ್ಟಿರಲೇ ಇಲ್ಲ. 2024 ಅಧಿಕ ವರ್ಷ. ಹತ್ತು ನಿಮಿಷದೊಳಗೆ ಅವಳೇ ಕಂಡುಹಿಡಿದಳು.

ಅಧಿಕ ವರ್ಷದ ಮಾತು ಬಂದದ್ದರಿಂದ, ಈ ಒಂದು ದಿನದ ತಪ್ಪಿನ ಅತಿ ಪ್ರಸಿದ್ಧ ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾರೆವು. ಅದನ್ನು ಮಾಡಿದವರೂ ಪುರೋಹಿತರೇ. ಜೂಲಿಯಸ್ ಸೀಸರನು ಜಾರಿಗೆ ತಂದ ಹೊಸ ಪಂಚಾಂಗ ಕ್ರಿಸ್ತಪೂರ್ವ 45ರಲ್ಲಿ ಆರಂಭವಾಯಿತು. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನವನ್ನು ಸೇರಿಸಬೇಕೆಂಬುದು ಅವನ ಕಟ್ಟಳೆ. ಮರುವರ್ಷವೇ ಅವನ ಕೊಲೆಯಾಯಿತು. ಪಂಚಾಂಗದ ಹೊಣೆ ಹೊತ್ತಿದ್ದ ರೋಮಿನ ಪುರೋಹಿತರು ಆ ಕಟ್ಟಳೆಯನ್ನು ಶ್ರದ್ಧೆಯಿಂದಲೇ ಪಾಲಿಸಿದರು, ಆದರೆ ತಮ್ಮ ಎಣಿಕೆಯಲ್ಲಿ. ರೋಮನರು ಮೊದಲ ದಿನವನ್ನೂ ಕೊನೆಯ ದಿನವನ್ನೂ ಸೇರಿಸಿ ಎಣಿಸುವವರು. ಎಂಟು ದಿನಕ್ಕೊಮ್ಮೆ ಸೇರುತ್ತಿದ್ದ ಸಂತೆಗೆ ಅವರು ಇಟ್ಟ ಹೆಸರಿನ ಅರ್ಥ ‘ಒಂಬತ್ತನೆಯ ದಿನ’. ಅಧಿಕ ವರ್ಷವನ್ನು ಒಂದು ಎಂದು ಹಿಡಿದು ಎರಡು, ಮೂರು, ನಾಲ್ಕು ಎಂದು ಎಣಿಸಿ, ಆ ನಾಲ್ಕನೆಯದನ್ನು ಮತ್ತೆ ಅಧಿಕ ವರ್ಷ ಮಾಡಿದರು. ಹೀಗೆ ಮೂರು ವರ್ಷಕ್ಕೊಮ್ಮೆ ಒಂದು ದಿನ ಸೇರುತ್ತಾ ಹೋಯಿತು. 36 ವರ್ಷಗಳಲ್ಲಿ 9 ದಿನಗಳ ಬದಲು 12 ದಿನ. ಕೊನೆಗೆ ಆಗಸ್ಟಸ್ ಚಕ್ರವರ್ತಿ ಹೆಚ್ಚಾದ ಮೂರು ದಿನಗಳು ಕರಗುವವರೆಗೆ ಅಧಿಕ ವರ್ಷವನ್ನೇ ನಿಲ್ಲಿಸಬೇಕಾಯಿತು. ಒಂದು ಸಾಮ್ರಾಜ್ಯದ ಪಂಚಾಂಗವೇ ಕೆಟ್ಟದ್ದಕ್ಕೆ ಕಾರಣ, ನಮ್ಮ ಹುಡುಗಿಯ ‘+ 50’ರ ಒಡಹುಟ್ಟಿದ ತಪ್ಪು.

ಸೀಸರನ ಕಟ್ಟಳೆಯನ್ನು ಸರಿಯಾಗಿ ಪಾಲಿಸಿದ ಮೇಲೂ ಅದರೊಳಗೆ ಇನ್ನೊಂದು ದೋಷ ಉಳಿದಿತ್ತು. ಸೂರ್ಯನ ವರ್ಷ 365 ದಿನ 6 ಗಂಟೆಗಿಂತ ಸುಮಾರು 11 ನಿಮಿಷ ಕಡಿಮೆ. ವರ್ಷಕ್ಕೆ 11 ನಿಮಿಷವೆಂದರೆ ಒಂದು ಜಪಸರ ಮುಗಿಸುವಷ್ಟೂ ಹೊತ್ತಲ್ಲ. ಆದರೆ 16ನೆಯ ಶತಮಾನದ ಹೊತ್ತಿಗೆ ಅದು ಹತ್ತು ದಿನವಾಗಿ ಬೆಳೆದು, ಪಾಸ್ಖದ ಲೆಕ್ಕವನ್ನೇ ಕೆಡಿಸಿತ್ತು. ಪೋಪ್ ಹದಿಮೂರನೆಯ ಗ್ರೆಗೊರಿಯವರು 1582ರಲ್ಲಿ ಅಲೋಯ್ಸಿಯಸ್ ಲಿಲಿಯಸ್ ಎಂಬ ವೈದ್ಯರ ಯೋಜನೆಯಂತೆ, ಯೇಸುಸಭೆಯ ಗಣಿತಜ್ಞ ಕ್ರಿಸ್ಟೋಫರ್ ಕ್ಲಾವಿಯಸ್ ಮೊದಲಾದವರ ನೆರವಿನಿಂದ ಅದನ್ನು ತಿದ್ದಿದರು. ಅಕ್ಟೋಬರ್ 4, ಗುರುವಾರದ ಮರುದಿನ ಅಕ್ಟೋಬರ್ 15, ಶುಕ್ರವಾರವಾಯಿತು. ಆವಿಲಾದ ಸಂತ ತೆರೇಸಮ್ಮನವರು ದೈವಾಧೀನರಾದದ್ದು ಅದೇ ರಾತ್ರಿ. ಅವರ ಹಬ್ಬ ಅಕ್ಟೋಬರ್ 15ರಂದು ಬರುವುದು ಹೀಗೆ. ಆ ಎರಡು ದಿನಾಂಕಗಳ ನಡುವೆ ಎಷ್ಟು ದಿನ ಎಂದು ಪೈಥಾನನ್ನು ಕೇಳಿದರೆ 11 ಎನ್ನುತ್ತದೆ. ತೆರೇಸಮ್ಮನವರ ಮಠದ ಸಹೋದರಿಯರಿಗೆ ಅದು ಒಂದೇ ರಾತ್ರಿ.

ದೊಡ್ಡವರೂ ಇಂಥ ಲೆಕ್ಕದಲ್ಲಿ ಎಡವಿದ್ದಾರೆಂಬುದಕ್ಕೆ ಜರ್ಮನಿಯ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸ್ ಸಾಕ್ಷಿ. ಯಾವುದೇ ವರ್ಷದ ಪಾಸ್ಖವನ್ನು ಕೂಡುವ, ಭಾಗಿಸುವ, ಶೇಷ ತೆಗೆಯುವ ಕೆಲವೇ ಹೆಜ್ಜೆಗಳಲ್ಲಿ ಕಂಡುಹಿಡಿಯುವ ಸೂತ್ರವನ್ನು ಅವರು 1800ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಕಲಿಯುವ ಮಕ್ಕಳು ಇಂದಿಗೂ ಅಭ್ಯಾಸಕ್ಕಾಗಿ ಬರೆಯುವುದುಂಟು. ಅದರಲ್ಲಿ ಒಂದು ಭಾಗಾಕಾರ ತಪ್ಪಾಗಿತ್ತು. ಚಂದ್ರನ ಗತಿಗೆ ಹೊಂದಿಸಲು ಧರ್ಮಸಭೆಯ ಕೋಷ್ಟಕವನ್ನು 2500 ವರ್ಷಗಳಲ್ಲಿ ಎಂಟು ಬಾರಿ ತಿದ್ದಬೇಕು: ಏಳು ಬಾರಿ 300 ವರ್ಷಕ್ಕೊಮ್ಮೆ, ಎಂಟನೆಯ ಬಾರಿ 400 ವರ್ಷಕ್ಕೆ. ಗೌಸ್ ಎಲ್ಲವನ್ನೂ 300 ಎಂದು ಹಿಡಿದು, ಶತಮಾನದ ಸಂಖ್ಯೆಯನ್ನು ಮೂರರಿಂದ ಭಾಗಿಸಿದ್ದರು. ಮೂರೆಂಟಲಿ ಇಪ್ಪತ್ತನಾಲ್ಕು, ಬೇಕಾದದ್ದು ಇಪ್ಪತ್ತೈದು. ಆದರೆ ಗ್ರೆಗೊರಿಯವರ ಪಂಚಾಂಗದ ಆರಂಭದಿಂದ ಹಿಡಿದು 4200ನೆಯ ವರ್ಷದವರೆಗೆ ತಪ್ಪು ಭಾಗಾಕಾರವೂ ಸರಿಯಾದದ್ದೂ ಒಂದೇ ಉತ್ತರ ಕೊಡುತ್ತವೆ! ಗೌಸ್ ಬದುಕಿದ್ದಾಗಿನ ಯಾವ ಪಾಸ್ಖವೂ ಅವರ ತಪ್ಪನ್ನು ತೋರಿಸಿಕೊಡಲು ಸಾಧ್ಯವಿರಲಿಲ್ಲ. ಅದನ್ನು ಗುರುತಿಸಿದವರು ಅವರ ಶಿಷ್ಯ ಪೀಟರ್ ಪಾಲ್ ಟಿಟೆಲ್. ಗೌಸ್ 1816ರಲ್ಲಿ ಸೂತ್ರವನ್ನು ತಿದ್ದಿ ಪ್ರಕಟಿಸಿ, ಶಿಷ್ಯನ ಹೆಸರನ್ನೂ ಹೇಳಿ ವಂದನೆ ಸಲ್ಲಿಸಿದರು. ಯೂರೋಪಿನ ಗಣಿತಜ್ಞರಲ್ಲಿ ಅಗ್ರಗಣ್ಯರೆನಿಸಿದ್ದವರಿಗೆ ಅದರಿಂದ ಯಾವ ಕುಂದೂ ಉಂಟಾಗಲಿಲ್ಲ. ಇದನ್ನು ನಾವು ಹುಡುಗಿಗೂ ಹೇಳಿದೆವು, ಅವಳ ತಂದೆಗೂ ಹೇಳಿದೆವು. ತಂದೆಗೆ ಗೌಸ್ ಯಾರೆಂದು ತಿಳಿಯದು. ಮಗಳು ಕಾಲೇಜು ಬಿಡುವುದಿಲ್ಲ ಎಂಬಷ್ಟು ತಿಳಿದು, ಸಮಾಧಾನದಿಂದ ಹೊರಟುಹೋದರು.

ಗೌಸ್ ಅವರಿಗೆ ಪಾಸ್ಖದ ಲೆಕ್ಕದಲ್ಲಿ ಆಸಕ್ತಿ ಹುಟ್ಟಿದ್ದಕ್ಕೆ ಅವರ ತಾಯಿಯೇ ಕಾರಣವೆಂದು ಹೇಳುವ ವಾಡಿಕೆಯಿದೆ. ಓದು ಬರಹ ಬಾರದ ಆ ತಾಯಿ ಮಗನ ಜನ್ಮದಿನಾಂಕವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚೆ, ಬುಧವಾರ ಹುಟ್ಟಿದ ಎಂಬುದಷ್ಟೇ ಅವರ ನೆನಪು. ವಾರದ ಹೆಸರನ್ನು ಅವರು ಹೇಳಿದ್ದು ಬಹಳ ಒಳ್ಳೆಯದಾಯಿತು. ಬರಿಯ ‘ಎಂಟು ದಿನ’ ಎಂದಿದ್ದರೆ ಹಬ್ಬವನ್ನು ಸೇರಿಸಿ ಎಂಟೋ, ಬಿಟ್ಟು ಎಂಟೋ ಎಂಬ ಸಂಶಯ ಉಳಿಯುತ್ತಿತ್ತು. ಸೇರಿಸಿ ಎಣಿಸಿದರೆ ಗುರುವಾರ ಬರುತ್ತದೆ, ಬಿಟ್ಟು ಎಣಿಸಿದರೆ ಬುಧವಾರ. ಹುಡುಗಿ ತನ್ನ ಪ್ರೋಗ್ರಾಂಗೆ 1777ರ ಪಾಸ್ಖವಾದ ಮಾರ್ಚ್ 30ನ್ನು ಕೊಟ್ಟಳು. ಸ್ವರ್ಗಾರೋಹಣ ಮೇ 8 ಎಂದು ಬಂತು. ಅದರಿಂದ ಎಂಟನ್ನು ಕಳೆದಳು, ಒಂದನ್ನು ಕಡಿಮೆ ಮಾಡದೆ. ಏಪ್ರಿಲ್ 30, ಬುಧವಾರ.